ಅಗೆದು ತಿಂದವರು ಉಳಿಸಿದ ಗಿಡ: ಮೂಲನಿವಾಸಿಗಳ ನೇತೃತ್ವದ ಸಂರಕ್ಷಣೆ ಕುರಿತು

ಓದುಗರ ಪ್ರಶ್ನೆ: ಹಾಳುಬಿದ್ದ ಒಂದು ಹುಲ್ಲುಗಾವಲಿನಲ್ಲಿ ಆ ನೆಲದ್ದೇ ಆದ ಗಿಡಗಳನ್ನು ಮತ್ತೆ ಬೆಳೆಸಿ, ಜೇನ್ನೊಣ ಮತ್ತು ಚಿಟ್ಟೆಗಳಿಗೆ ನೆಲೆ ಒದಗಿಸಬೇಕೆಂದು ನಾವು ಕೆಲವು ಗೆಳೆಯರು ಯೋಚಿಸಿದ್ದೇವೆ. ಜಗತ್ತಿನ ಜೀವವೈವಿಧ್ಯದ ಶೇ. 80ರಷ್ಟನ್ನು ಮೂಲನಿವಾಸಿಗಳೇ ಕಾಪಾಡುತ್ತಿದ್ದಾರೆ, ಆದ್ದರಿಂದ ಇಂಥ ಕೆಲಸಗಳು ಅವರ ನೇತೃತ್ವದಲ್ಲೇ ನಡೆಯಬೇಕು ಎಂದು ಓದಿದೆವು. ಇದು ಗೌರವಕ್ಕಾಗಿ ಹೇಳುವ ಮಾತೋ, ವಿಜ್ಞಾನದ ಆಧಾರವಿರುವ ಮಾತೋ? ಗಿಡ, ಪರಾಗಸ್ಪರ್ಶ ಮಾಡುವ ಕೀಟ, ಸಾಂಪ್ರದಾಯಿಕ ಆಹಾರ ಈ ಮೂರನ್ನೂ ಒಟ್ಟಿಗೆ ಸೇರಿಸಿ ಹೇಳುವುದೇಕೆ? ‘ಸಹಭಾಗಿತ್ವ’ಕ್ಕೂ ‘ನೇತೃತ್ವ’ಕ್ಕೂ ನಿಜವಾಗಿ ಏನು ವ್ಯತ್ಯಾಸ?

ಉತ್ತರ: ಮೊದಲು ಆ ಶೇ. 80ರ ಅಂಕಿಯನ್ನು ಬದಿಗಿಡೋಣ. ಅಂತರರಾಷ್ಟ್ರೀಯ ವರದಿಗಳಲ್ಲಿ, ಭಾಷಣಗಳಲ್ಲಿ ಎರಡು ದಶಕಗಳ ಕಾಲ ಸುತ್ತಾಡಿದ ಈ ಸಂಖ್ಯೆಯ ಮೂಲವನ್ನು ಹುಡುಕಿಕೊಂಡು ಹೋದ ಸಂಶೋಧಕರ ತಂಡವೊಂದು, ಅದಕ್ಕೆ ಯಾವ ಅಳತೆಯ ಆಧಾರವೂ ಇಲ್ಲವೆಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆಯಿತು. ಆ ತಂಡದಲ್ಲಿ ಮೂಲನಿವಾಸಿ ಸಮುದಾಯಗಳ ವಿದ್ವಾಂಸರೂ ಇದ್ದರು ಎಂಬುದನ್ನು ಗಮನಿಸಬೇಕು. ಜೀವವೈವಿಧ್ಯವನ್ನು ಹಾಗೆ ಒಂದೇ ಶೇಕಡಾವಾರಿನಲ್ಲಿ ಅಳೆಯಲಾಗದು. ಆಧಾರವಿಲ್ಲದ ಅಂಕಿಯ ಮೇಲೆ ನಿಲ್ಲಿಸಿದ ವಾದ ಆ ಸಮುದಾಯಗಳಿಗೇ ಹಾನಿ ಮಾಡುತ್ತದೆ. ಆಧಾರವಿರುವ ಮಾತು ಇದಕ್ಕಿಂತ ಸಾಧಾರಣವಾದದ್ದು, ಆದರೆ ಗಟ್ಟಿಯಾದದ್ದು. ಜೀವವೈವಿಧ್ಯದ ಕುರಿತ ಅಂತರಸರ್ಕಾರಿ ವೇದಿಕೆಯ 2019ರ ಜಾಗತಿಕ ಮೌಲ್ಯಮಾಪನದ ಪ್ರಕಾರ, ಭೂಮಿಯ ನೆಲದಲ್ಲಿ ಕನಿಷ್ಠ ಕಾಲು ಭಾಗ ಮೂಲನಿವಾಸಿಗಳ ಒಡೆತನ, ನಿರ್ವಹಣೆ, ಬಳಕೆ ಅಥವಾ ವಾಸದಲ್ಲಿದೆ; ಉಳಿದೆಡೆಗೆ ಹೋಲಿಸಿದರೆ ಅಲ್ಲಿ ಪ್ರಕೃತಿಯ ಕುಸಿತ ಸಾಮಾನ್ಯವಾಗಿ ನಿಧಾನವಾಗಿದೆ. ನಿಧಾನ ಎಂದರೆ ನಿಂತಿದೆ ಎಂದಲ್ಲ. ಗಣಿ, ಅಣೆಕಟ್ಟು, ಹೆದ್ದಾರಿ, ಏಕಬೆಳೆಗಳು ಅಲ್ಲಿಗೂ ನುಗ್ಗುತ್ತಿವೆ.

ಹಾಗಾದರೆ ಆ ನೆಲಗಳಲ್ಲಿ ಕುಸಿತ ನಿಧಾನವಾಗಿರುವುದೇಕೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ನನ್ನ ತಿಳಿವಳಿಕೆಯಲ್ಲಿ ಇದಕ್ಕೆ ಮುಖ್ಯ ಕಾರಣ ಆಹಾರ. ಒಂದು ಗಿಡವನ್ನು ವರ್ಷವರ್ಷವೂ ಅದೇ ಜಾಗದಲ್ಲಿ ಅಗೆದು, ಕೊಯ್ದು, ಬೇಯಿಸಿ ತಿನ್ನುವ ಕುಟುಂಬಕ್ಕೆ ಆ ಗಿಡ ಮುಂದಿನ ವರ್ಷವೂ ಅಲ್ಲೇ ಇರಬೇಕು. ಅದಕ್ಕಾಗಿ ಅವರು ಮಾಡುವ ಕೆಲಸಗಳು, ಅಂದರೆ ಮಣ್ಣು ಸಡಿಲಿಸುವುದು, ಬೀಜ ಉದುರಿಸುವುದು, ಪೊದೆ ಕಡಿಯುವುದು, ಹದವರಿತು ಬೆಂಕಿ ಕೊಡುವುದು, ಗಿಡದ ಜೊತೆಗೆ ಅದರ ಹೂವಿಗೆ ಬರುವ ಕೀಟಗಳನ್ನೂ ಉಳಿಸುತ್ತವೆ. ಈ ಮಾತನ್ನು ತತ್ತ್ವದಂತೆ ಹೇಳಿ ಬಿಡುವ ಬದಲು ಒಂದು ಗೆಡ್ಡೆಯ ಕತೆಯ ಮೂಲಕ ತೋರಿಸುತ್ತೇನೆ, ಏಕೆಂದರೆ ನಿಮ್ಮದೂ ಹುಲ್ಲುಗಾವಲಿನ ಕೆಲಸವೇ.

ಉತ್ತರ ಅಮೆರಿಕದ ವಾಯವ್ಯ ಕರಾವಳಿಯಲ್ಲಿ, ಕೆನಡಾದ ವ್ಯಾಂಕೂವರ್ ದ್ವೀಪದ ದಕ್ಷಿಣ ತುದಿಯಿಂದ ಅಮೆರಿಕದ ಒರೆಗಾನ್‌ವರೆಗೆ, ವಸಂತದಲ್ಲಿ ನೀಲಿ ಹೂಗಳಿಂದ ತುಂಬುವ ಹುಲ್ಲುಗಾವಲುಗಳಿವೆ. ಆ ಹೂವಿನ ಗಿಡದ ಹೆಸರು ಕ್ಯಾಮಸ್. ನೆಲದೊಳಗೆ ಈರುಳ್ಳಿಯನ್ನು ಹೋಲುವ ಅದರ ಗೆಡ್ಡೆ ಆ ಪ್ರದೇಶದ ಜನಾಂಗಗಳ ಮುಖ್ಯ ಆಹಾರಗಳಲ್ಲಿ ಒಂದಾಗಿತ್ತು. ವಿಕ್ಟೋರಿಯಾ ನಗರ ಇಂದು ನಿಂತಿರುವ ನೆಲದ ಮೂಲ ಜನರಾದ ಲೆಕ್ವಂಗನ್ ಸಮುದಾಯದವರು ಅದನ್ನು ‘ಕ್ವೆಟ್ಲಾಲ್’ ಎನ್ನುತ್ತಾರೆ. 1805ರ ಸೆಪ್ಟೆಂಬರ್‌ನಲ್ಲಿ ಬೆಟ್ಟ ದಾಟಿ ಹಸಿದು ಬಂದ ಲೂಯಿಸ್ ಮತ್ತು ಕ್ಲಾರ್ಕ್ ಅನ್ವೇಷಣಾ ತಂಡಕ್ಕೆ ನೆಜ್ ಪರ್ಸ್ ಜನರು ಕೊಟ್ಟ ಊಟದಲ್ಲಿಯೂ ಇದೇ ಗೆಡ್ಡೆ ಇತ್ತು.

ಈ ಗೆಡ್ಡೆಯನ್ನು ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ, ಏಕೆಂದರೆ ಅದರಲ್ಲಿರುವ ಇನ್ಯುಲಿನ್ ಎಂಬ ಪಿಷ್ಟದಂಥ ವಸ್ತುವನ್ನು ನಮ್ಮ ಕರುಳು ಅರಗಿಸಿಕೊಳ್ಳಲಾರದು. ಆದ್ದರಿಂದ ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳನ್ನು ಹಾಸಿ, ಹಸಿ ಎಲೆಗಳ ನಡುವೆ ಗೆಡ್ಡೆಗಳನ್ನು ಪದರಪದರವಾಗಿ ಇಟ್ಟು, ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿ ಒಂದು ದಿನವೋ ಎರಡು ದಿನವೋ ಹಬೆಯಲ್ಲಿ ಬೇಯಿಸುತ್ತಾರೆ. ಅಷ್ಟು ಹೊತ್ತಿಗೆ ಇನ್ಯುಲಿನ್ ಒಡೆದು ಫ್ರಕ್ಟೋಸ್ ಸಕ್ಕರೆಯಾಗುತ್ತದೆ. ಗೆಡ್ಡೆ ಕಪ್ಪಗೆ, ಮೆತ್ತಗೆ, ಸಿಹಿಯಾಗುತ್ತದೆ. ಇಷ್ಟು ಶ್ರಮದ ಅಡುಗೆಯನ್ನು ಯಾರೂ ನಾಲ್ಕು ಗೆಡ್ಡೆಗಾಗಿ ಮಾಡುವುದಿಲ್ಲ. ಬುಟ್ಟಿಗಟ್ಟಲೆ ಬೇಕು, ಬುಟ್ಟಿಗಟ್ಟಲೆ ಸಿಗಬೇಕಾದರೆ ಗಿಡವನ್ನು ನೋಡಿಕೊಳ್ಳಬೇಕು.

ನೋಡಿಕೊಳ್ಳುತ್ತಿದ್ದ ಬಗೆ ಹೀಗಿತ್ತು. ಹೂ ಮುಗಿದು ಬೀಜ ಬಲಿಯುವ ಹೊತ್ತಿಗೆ ಹೆಂಗಸರು ಅಗೆಯುವ ಕೋಲಿನಿಂದ ಹುಲ್ಲಿನ ಹೆಂಟೆಯನ್ನು ಎತ್ತಿ, ದೊಡ್ಡ ಗೆಡ್ಡೆಗಳನ್ನು ಆಯ್ದುಕೊಂಡು, ಸಣ್ಣವನ್ನು ಹಾಗೆಯೇ ಮಣ್ಣಿಗೆ ಹಿಂದಿರುಗಿಸಿ, ಒಣಗಿದ ಕಾಯಿಗಳ ಬೀಜವನ್ನು ಸಡಿಲವಾದ ಮಣ್ಣಿನ ಮೇಲೆ ಉದುರಿಸಿ ಹೆಂಟೆಯನ್ನು ಮುಚ್ಚುತ್ತಿದ್ದರು. ಕ್ಯಾಮಸ್ ನಡುವೆಯೇ ಬೆಳೆಯುವ, ಗೆಡ್ಡೆ ನೋಡಿದರೆ ಗುರುತು ಸಿಗದ ಒಂದು ವಿಷದ ಗಿಡವಿದೆ. ಅದರ ಹೂ ಮಾತ್ರ ಕೆನೆಬಿಳಿ. ಆದ್ದರಿಂದ ಹೂವಿರುವಾಗಲೇ ಹೊಲದಲ್ಲಿ ನಡೆದು ಬಿಳಿ ಹೂವಿನದನ್ನೆಲ್ಲ ಕಿತ್ತು ಹಾಕುವುದು ಇನ್ನೊಂದು ಕೆಲಸ. ಕಳೆ ಕೀಳುವ ಕಾಲವನ್ನು ನಿರ್ಧರಿಸುವುದು ಇಲ್ಲಿ ಹೂವಿನ ಬಣ್ಣ ಎಂಬುದನ್ನು ಗಮನಿಸಿ. ಕೊಯ್ಲು ಮುಗಿದ ಮೇಲೆ ಒಣಹುಲ್ಲಿಗೆ ಸಣ್ಣ ಬೆಂಕಿ. ಬೆಂಕಿ ಪೊದೆಗಳನ್ನೂ ಮರದ ಸಸಿಗಳನ್ನೂ ತಡೆಯುತ್ತಿತ್ತು, ಬೂದಿ ಮಣ್ಣಿಗೆ ಸೇರುತ್ತಿತ್ತು, ವಸಂತದಲ್ಲಿ ಬಿಸಿಲು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಅರಳಿದ ಹೂಗಳೇ ಚಳಿಗಾಲ ಕಳೆದು ಒಂಟಿಯಾಗಿ ಹೊರಬರುವ ಬಂಬಲ್‌ಬೀ ಎಂಬ ದಪ್ಪ ಜೇನ್ನೊಣದ ರಾಣಿಗಳಿಗೆ, ಗುಂಪು ಕಟ್ಟದೆ ನೆಲದಲ್ಲಿ ಗೂಡು ಮಾಡುವ ಒಂಟಿ ಜೇನ್ನೊಣಗಳಿಗೆ ವರ್ಷದ ಮೊದಲ ಮೇವು. ಕೆಲವು ಸಮುದಾಯಗಳಲ್ಲಿ ಈ ಗೆಡ್ಡೆಯ ತಾಕುಗಳು ಕುಟುಂಬದ ಆಸ್ತಿಯಾಗಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದವು.

ಹೊರಗಿನಿಂದ ಬಂದವರ ಕಣ್ಣಿಗೆ ಇದು ಯಾರೂ ಉಳದ ಕಾಡುಬಯಲಿನಂತೆ ಕಂಡಿತು. 1843ರಲ್ಲಿ ವಿಕ್ಟೋರಿಯಾದಲ್ಲಿ ವಸಾಹತು ಕೋಟೆ ಎದ್ದ ಮೇಲೆ ಒಳ್ಳೆಯ ಮಣ್ಣಿನ ಹುಲ್ಲುಗಾವಲುಗಳು ನೇಗಿಲಿಗೆ ಸಿಕ್ಕವು, ದನ ಮತ್ತು ಹಂದಿಗಳು ಗೆಡ್ಡೆಗಳನ್ನು ತಿಂದವು, ಬೆಂಕಿ ಹಾಕುವುದನ್ನು ನಿಲ್ಲಿಸಲಾಯಿತು. ಬೆಂಕಿ ನಿಂತಲ್ಲಿ ಪೊದೆ ಬಂತು, ಪೊದೆಯ ಹಿಂದೆ ಮರ ಬಂತು. ಗ್ಯಾರಿ ಓಕ್ ಮರಗಳ ನಡುವಿನ ಆ ಹುಲ್ಲುಗಾವಲುಗಳಲ್ಲಿ ಸಹಜ ಸ್ಥಿತಿಗೆ ಹತ್ತಿರವಾಗಿ ಕೆನಡಾದಲ್ಲಿ ಇಂದು ಉಳಿದಿರುವುದು ಶೇ. 5ಕ್ಕಿಂತ ಕಡಿಮೆ. ಬೇಲಿ ಹಾಕಿ ‘ಸಂರಕ್ಷಿಸಿದ’ ತುಣುಕುಗಳೂ ಸೊರಗಿದವು, ಏಕೆಂದರೆ ಬೇಲಿಯ ಹೊರಗೆ ಉಳಿದವರಲ್ಲಿ ಅವುಗಳನ್ನು ಅಗೆಯುತ್ತಿದ್ದವರೂ ಇದ್ದರು.

ಇದೇ ಹುಲ್ಲುಗಾವಲುಗಳ ದಕ್ಷಿಣ ಭಾಗವಾದ ಒರೆಗಾನ್‌ನ ವಿಲ್ಲಾಮೆಟ್ ಕಣಿವೆಯಲ್ಲಿ ಕಲಪೂಯ ಜನರು ಬೆಂಕಿಯಿಂದ ಬಯಲನ್ನು ಬಯಲಾಗಿಯೇ ಉಳಿಸಿಕೊಂಡಿದ್ದರು. ಅಲ್ಲಿ ಫೆಂಡರ್ಸ್ ಬ್ಲೂ ಎಂಬ ಬೆರಳ ತುದಿಯಷ್ಟು ಸಣ್ಣ ನೀಲಿ ಚಿಟ್ಟೆಯೊಂದು ಮುಖ್ಯವಾಗಿ ಒಂದು ಜಾತಿಯ ಲೂಪಿನ್ ಗಿಡದ ಮೇಲೆ ಮೊಟ್ಟೆಯಿಡುತ್ತದೆ. 1930ರ ದಶಕದ ಬಳಿಕ ಯಾರಿಗೂ ಕಾಣದೆ ಅಳಿದೇಹೋಯಿತೆಂದು ನಂಬಿದ್ದ ಈ ಚಿಟ್ಟೆ 1989ರಲ್ಲಿ ಮತ್ತೆ ಸಿಕ್ಕಿತು. 2000ದಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಹುಲ್ಲುಗಾವಲುಗಳ ಪುನಶ್ಚೇತನದ ಫಲವಾಗಿ 2023ರಲ್ಲಿ ಅದರ ಸ್ಥಾನ ‘ಅಪಾಯದಲ್ಲಿರುವ’ ಎಂಬ ಒಂದು ಮೆಟ್ಟಿಲು ಸುಧಾರಿಸಿದ ವರ್ಗಕ್ಕೆ ಬದಲಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಬೆಂಕಿ ಬಿದ್ದ ಜಾಗದಲ್ಲಿ ಆ ವರ್ಷದ ಕಂಬಳಿಹುಳುಗಳು ಸಾಯುತ್ತವೆ. ಆದರೆ ಗಿಡ ಚಿಗುರಿದ ಮೇಲೆ ಪಕ್ಕದ ಸುಡದ ತಾಕಿನಿಂದ ಚಿಟ್ಟೆಗಳು ಬಂದು ಮೊದಲಿಗಿಂತ ಹೆಚ್ಚಾಗುತ್ತವೆ. ಆದ್ದರಿಂದ ಒಂದು ವರ್ಷ ಒಂದು ಭಾಗ, ಮರುವರ್ಷ ಇನ್ನೊಂದು ಭಾಗ ಎಂದು ಸುಡಬೇಕೇ ಹೊರತು ಇಡೀ ಬಯಲನ್ನಲ್ಲ. ಎಷ್ಟು ಸುಡಬೇಕು, ಯಾವ ಗಾಳಿಯಲ್ಲಿ, ಹುಲ್ಲು ಎಷ್ಟು ಒಣಗಿದಾಗ ಎಂಬ ತೀರ್ಮಾನವೇ ಆ ವಿದ್ಯೆಯ ಸಾರ. ಇಂಥ ಬೆಂಕಿಗೆ ಶಿಕ್ಷೆ ವಿಧಿಸಿದ ಕಾನೂನುಗಳಿದ್ದವು ಎಂಬುದನ್ನೂ ಹೇಳಬೇಕು: ಕ್ಯಾಲಿಫೋರ್ನಿಯಾ ರಾಜ್ಯ 1850ರಲ್ಲೇ ಹುಲ್ಲುಗಾವಲಿಗೆ ಬೆಂಕಿ ಇಡುವುದನ್ನು ದಂಡನೀಯವಾಗಿಸಿತು, ಅದೂ ಮೂಲನಿವಾಸಿಗಳ ‘ರಕ್ಷಣೆ’ ಎಂಬ ಹೆಸರಿನ ಶಾಸನದಲ್ಲಿ.

ಆಹಾರದ ಬೆಳೆಯೇ ಕೀಟವನ್ನು ಸಾಕಿದ ಉದಾಹರಣೆಯೂ ಇದೆ. ಸಿಹಿಗುಂಬಳದ ಕುಲ ಅಮೆರಿಕ ಖಂಡಗಳದ್ದು. ಮೆಕ್ಸಿಕೊದಲ್ಲಿ ಜನ ಅದನ್ನು ಸಾಕಿ ಬೆಳೆಸಲು ತೊಡಗಿ ಸುಮಾರು 10,000 ವರ್ಷಗಳಾದವು. ಅದರ ಪರಾಗವನ್ನಷ್ಟೇ ತನ್ನ ಮರಿಗಳಿಗೆ ಉಣಿಸುವ ಒಂದು ಒಂಟಿ ಜೇನ್ನೊಣವಿದೆ. ಈ ನೊಣದ ಬದುಕನ್ನು ನೋಡಬೇಕಾದರೆ ಬೆಳಕು ಹರಿಯುವ ಮೊದಲೇ ಹೊಲದಲ್ಲಿರಬೇಕು. ಕುಂಬಳದ ಹಳದಿ ಹೂ ನಸುಕಿನಲ್ಲಿ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಸಾಕು ಜೇನ್ನೊಣ ಇನ್ನೂ ಗೂಡಿನಿಂದ ಹೊರಡದ ಹೊತ್ತಿನಲ್ಲಿ ಈ ಹೆಣ್ಣು ನೊಣಗಳು ಹೂವಿನಿಂದ ಹೂವಿಗೆ ಹಾರಿ, ಮುಳ್ಳುಮುಳ್ಳಾದ ದಪ್ಪ ಪರಾಗದ ಕಣಗಳನ್ನು ಕಾಲಿನ ಕೂದಲಿಗೆ ಅಂಟಿಸಿಕೊಳ್ಳುತ್ತವೆ. ಮಧ್ಯಾಹ್ನ ಮುದುಡಿದ ಹೂವೊಂದನ್ನು ಮೆಲ್ಲಗೆ ಬಿಡಿಸಿದರೆ ಒಳಗೆ ಗಂಡು ನೊಣಗಳು ಮಲಗಿರುವುದು ಕಾಣುತ್ತದೆ. ಅವುಗಳಿಗೆ ಬೇರೆ ಮನೆಯಿಲ್ಲ. ಹೆಣ್ಣುಗಳ ಗೂಡು ಮಾತ್ರ ಬಳ್ಳಿಯ ಬುಡದ ಸುತ್ತಲಿನ ಮಣ್ಣಿನಲ್ಲಿ, ಒಂದು ಗೇಣಿನ ಆಸುಪಾಸಿನ ಆಳದಲ್ಲಿರುತ್ತದೆ. ಮೂಲನಿವಾಸಿ ಕೃಷಿಕರು ಕುಂಬಳದ ಬೀಜವನ್ನು ಉತ್ತರಕ್ಕೆ, ಪೂರ್ವಕ್ಕೆ ಒಯ್ದಂತೆಲ್ಲ ಈ ನೊಣವೂ ಹಿಂಬಾಲಿಸಿ, ಕಾಡುಕುಂಬಳ ಬೆಳೆಯದ ಪ್ರದೇಶಗಳಿಗೂ ಹಬ್ಬಿತೆಂದು ಅದರ ವಂಶವಾಹಿಗಳ ಅಧ್ಯಯನ ತೋರಿಸಿದೆ. ಉತ್ತರ ಅಮೆರಿಕದ ಈಶಾನ್ಯ ಭಾಗದ ಹೌಡೆನೊಸೌನಿ ಜನರು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಗಳನ್ನು ‘ಮೂವರು ಅಕ್ಕತಂಗಿಯರು’ ಎಂದು ಕರೆದು ಒಂದೇ ಗುಪ್ಪೆಯ ಮೇಲೆ ಬೆಳೆಯುತ್ತಾರೆ. ನೆಲವನ್ನೆಲ್ಲ ಉಳದೆ ಗುಪ್ಪೆ ಮಾಡಿ ಬಿತ್ತುವ ಆ ಕ್ರಮದಲ್ಲಿ ಮಣ್ಣಿನೊಳಗಿನ ಗೂಡುಗಳಿಗೆ ಬದುಕಲು ಎಡೆಯಿರುತ್ತದೆ. ಆಳವಾಗಿ ಉಳುವ ಯಂತ್ರ ಅದನ್ನು ಬಿಡುವುದಿಲ್ಲ.

ಎಲ್ಲ ಸಾಂಪ್ರದಾಯಿಕ ಆಹಾರವೂ ಕೀಟವನ್ನೇ ಅವಲಂಬಿಸಿದೆ ಎಂದು ಇದರಿಂದ ತಿಳಿಯಬಾರದು. ಉತ್ತರ ಅಮೆರಿಕದ ದೊಡ್ಡ ಸರೋವರಗಳ ಸೀಮೆಯ ಅನಿಶಿನಾಬೆ ಜನರಿಗೆ ಪವಿತ್ರವಾದ ‘ಮನೂಮಿನ್’ ಎಂಬ ಕಾಡಕ್ಕಿಗೆ ಪರಾಗಸ್ಪರ್ಶ ಮಾಡುವುದು ಗಾಳಿ. ದೋಣಿಯಲ್ಲಿ ಕೂತು ಕೋಲಿನಿಂದ ತೆನೆಯನ್ನು ಮೆಲ್ಲಗೆ ತಟ್ಟುವಾಗ ನೀರಿಗೆ ಉದುರಿದ ಕಾಳೇ ಮುಂದಿನ ವರ್ಷದ ಬಿತ್ತನೆ. 2018ರಲ್ಲಿ ಅದೇ ಜನರ ವೈಟ್ ಅರ್ತ್ ಬುಡಕಟ್ಟು ಸರ್ಕಾರವು ಆ ಕಾಡಕ್ಕಿಗೇ ಬದುಕುವ ಹಕ್ಕಿದೆಯೆಂದು ಕಾನೂನು ಮಾಡಿತು. ನಿಮ್ಮ ಹುಲ್ಲುಗಾವಲಿನಲ್ಲೂ ಚಿಟ್ಟೆ ಬರದ ಹುಲ್ಲುಗಳನ್ನು ಕಡೆಗಣಿಸಬೇಡಿ.

ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರದು. ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಈ ನಾಲ್ಕು ಜೇನುಗಳ ನಡೆಯನ್ನೂ ಯಾವ ಮರ ಯಾವಾಗ ಹೂಬಿಟ್ಟರೆ ಯಾವ ಜೇನು ಎಲ್ಲಿ ಕಟ್ಟುತ್ತದೆ ಎಂಬುದನ್ನೂ ಬಲ್ಲ ಸಮುದಾಯ ಅದು. ಬೇಸಿಗೆಯ ಮೊದಲಲ್ಲಿ ನೆಲದ ಒಣ ಎಲೆಯನ್ನಷ್ಟೇ ಸುಟ್ಟು ಆರಿಹೋಗುವ ‘ತರಗು ಬೆಂಕಿ’ಯನ್ನು ಅವರು ಹಿಂದೆ ಹಾಕುತ್ತಿದ್ದರು. ಅರಣ್ಯದ ಕಾನೂನು ಅದನ್ನು ನಿಲ್ಲಿಸಿತು. ಆಮೇಲೆ ಕಾಡಿನಲ್ಲಿ ಎರಡು ಬದಲಾವಣೆಗಳಾದವೆಂದು ಹಿರಿಯ ಸೋಲಿಗರು ಹೇಳುತ್ತ ಬಂದಿದ್ದಾರೆ: ಲಂಟಾನ ಪೊದೆ ನೆಲವನ್ನು ಮುಚ್ಚಿತು, ನೆಲ್ಲಿ ಮರಗಳ ಮೇಲೆ ಬಂದಳಿಕೆ ಹೆಚ್ಚಿತು. ನೆಲ್ಲಿಕಾಯಿ ಕಡಿಮೆಯಾದದ್ದಕ್ಕೆ ಕಾಯಿ ಕೊಯ್ಯುವವರನ್ನೇ ಹೊಣೆ ಮಾಡುವ ರೂಢಿಯಿದ್ದ ಕಾಲದಲ್ಲಿ ಈ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಮುಂದೆ ಪರಿಸರ ವಿಜ್ಞಾನಿಗಳು ಅದನ್ನು ಪರೀಕ್ಷಿಸಬೇಕಾದ ವಿವರಣೆಯೆಂದು ತೆಗೆದುಕೊಂಡು ಅಧ್ಯಯನ ನಡೆಸಿದಾಗ, ಬಂದಳಿಕೆ ಹತ್ತಿದ ನೆಲ್ಲಿಮರಗಳು ಸೊರಗಿ ಸಾಯುವುದು ದಾಖಲಾಯಿತು. ಕೊಯ್ಲೊಂದೇ ಕಾರಣವೆಂಬ ನಂಬಿಕೆ ಸಡಿಲಿತು. ಹಾಗೆಂದು ಕೊಯ್ಲಿನಲ್ಲಿ ತಪ್ಪೇ ಆಗುವುದಿಲ್ಲವೆಂದು ನಾನು ಹೇಳಲಾರೆ. ಹೊರಗಿನ ಮಾರುಕಟ್ಟೆಯ ಒತ್ತಡ ಬಿದ್ದು, ತಮ್ಮ ಹಕ್ಕು ನಾಳೆ ಇರುತ್ತದೆಯೋ ಇಲ್ಲವೋ ಎಂಬ ಅನಿಶ್ಚಿತತೆ ಕೂಡಿದಾಗ ಎಂಥವರೂ ಕೊಂಬೆ ಕಡಿದು ಕಾಯಿ ಉದುರಿಸುತ್ತಾರೆ. ನಾಳೆಯ ಭರವಸೆ ಇರುವವರೇ ನಾಳೆಗೆ ಕಾಯಿ ಬಿಡುತ್ತಾರೆ.

ಹಕ್ಕಿನ ಪ್ರಶ್ನೆ ಇಲ್ಲಿ ಬರುತ್ತದೆ. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಹಲವು ಪೋಡುಗಳ, ಅಂದರೆ ಹಾಡಿಗಳ, ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಆ ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ಕೊಡುವುದರ ಜೊತೆಗೆ, ಸಮುದಾಯದ ಅರಣ್ಯವನ್ನು ರಕ್ಷಿಸುವ, ಪುನರುಜ್ಜೀವಿಸುವ, ನಿರ್ವಹಿಸುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಡುತ್ತದೆ. ಕಾಗದದ ಮೇಲಿನ ಈ ಅಧಿಕಾರ ನೆಲಕ್ಕಿಳಿಯಲು ಇನ್ನೂ ದೂರವಿದೆ. ತರಗು ಬೆಂಕಿಯ ವಿಷಯದಲ್ಲಿ ಬಲ್ಲವರು ಒಬ್ಬರು, ತೀರ್ಮಾನಿಸುವವರು ಇನ್ನೊಬ್ಬರು. ಬಲ್ಲವರ ಕೈಗೆ ತೀರ್ಮಾನ ಬಂದರೆ ಅದು ನೇತೃತ್ವ. ತೀರ್ಮಾನ ಬೇರೆಯವರ ಬಳಿ ಉಳಿದು, ಬಲ್ಲವರನ್ನು ಸಭೆಗೆ ಕರೆದು ಕೇಳಿಸಿಕೊಂಡರೆ ಅದು ಸಹಭಾಗಿತ್ವ. ನಾನು ಈ ಎರಡನ್ನು ಬೇರ್ಪಡಿಸುವುದು ಇಷ್ಟರಿಂದಲೇ.

ತೀರ್ಮಾನದ ಹಕ್ಕಿಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೊದ ಯುಕಟಾನ್ ಪರ್ಯಾಯ ದ್ವೀಪದ ಮಾಯಾ ಜನರ ಅನುಭವವನ್ನು ನೋಡಬಹುದು. ಅಲ್ಲಿ ‘ಶುನಾನ್ ಕಾಬ್’ ಎಂದು ಕರೆಯುವ ಮುಳ್ಳಿಲ್ಲದ ಜೇನ್ನೊಣವನ್ನು ಟೊಳ್ಳು ಮರದ ತುಂಡುಗಳಲ್ಲಿ, ಎರಡೂ ತುದಿಗೆ ಬಿಲ್ಲೆ ಮುಚ್ಚಿ, ಶತಮಾನಗಳಿಂದ ಸಾಕುತ್ತಾರೆ. ವರ್ಷಕ್ಕೆ ಸಿಗುವ ಜೇನು ಬಹಳ ಕಡಿಮೆ. ಔಷಧಿಗೆ, ಪೂಜೆಗೆ ಬಳಸುತ್ತಾರೆ. ಆದರೆ ಟೊಮೆಟೊ, ಮೆಣಸಿನಕಾಯಿಗಳ ಕುಟುಂಬದ ಹಲವು ಹೂಗಳು ಪರಾಗವನ್ನು ಸಣ್ಣ ರಂಧ್ರ ಅಥವಾ ಸೀಳಿನೊಳಗೆ ಬಚ್ಚಿಟ್ಟುಕೊಂಡಿರುತ್ತವೆ. ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಪರಾಗ ಉದುರಿಸುವ ಶಕ್ತಿ ಈ ನೊಣಕ್ಕಿದೆ, ಯುರೋಪಿನಿಂದ ತಂದ ಸಾಕು ಜೇನ್ನೊಣಕ್ಕಿಲ್ಲ. ಕಾಡು ಕರಗಿದ್ದು, ಹೊರಗಿನ ಜೇನ್ನೊಣಗಳ ಪೈಪೋಟಿ, ಸಾಕುವ ವಿದ್ಯೆ ಮುಂದಿನ ತಲೆಮಾರಿಗೆ ದಾಟದಿದ್ದದ್ದು ಎಲ್ಲವೂ ಕೂಡಿ, ಪರ್ಯಾಯ ದ್ವೀಪದ ಒಂದು ಭಾಗದಲ್ಲಿ ಈ ಗೂಡುಗಳ ಸಂಖ್ಯೆ 25 ವರ್ಷಗಳಲ್ಲಿ ಶೇ. 90ಕ್ಕೂ ಹೆಚ್ಚು ಕುಸಿದದ್ದನ್ನು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು.

ಅದರ ಮೇಲೆ 2012ರಲ್ಲಿ ಮೆಕ್ಸಿಕೊ ಸರ್ಕಾರ ಕುಲಾಂತರಿ ಸೋಯಾ ಬೆಳೆಯಲು ಮೊನ್ಸಾಂಟೊ ಕಂಪನಿಗೆ ಪರವಾನಗಿ ನೀಡಿತು. ಆ ನೆಲದ ಮಾಯಾ ಸಮುದಾಯಗಳನ್ನು ಯಾರೂ ಕೇಳಿರಲಿಲ್ಲ. ಸೋಯಾಕ್ಕಾಗಿ ಕಾಡು ಕಡಿಯಲಾಗುತ್ತಿತ್ತು. ಜೇನಿನಲ್ಲಿ ಕುಲಾಂತರಿ ಪರಾಗ ಸಿಕ್ಕರೆ ಯುರೋಪಿನ ಮಾರುಕಟ್ಟೆ ಕೈತಪ್ಪುವ ಭಯವಿತ್ತು. ಇದೇ ಮುಳ್ಳಿಲ್ಲದ ಜೇನನ್ನು ಸಾಕುವ ಮಾಯಾ ಮಹಿಳೆ ಲೇಯ್ಡಿ ಪೆಚ್ ಅವರು ಜೇನುಗಾರರನ್ನೂ ವಿಜ್ಞಾನಿಗಳನ್ನೂ ಒಂದುಗೂಡಿಸಿ ನ್ಯಾಯಾಲಯಕ್ಕೆ ಹೋದರು. 2015ರ ನವೆಂಬರ್‌ನಲ್ಲಿ ಮೆಕ್ಸಿಕೊದ ಸುಪ್ರೀಂ ಕೋರ್ಟ್, ಮೂಲನಿವಾಸಿ ಸಮುದಾಯಗಳೊಡನೆ ಸಮಾಲೋಚನೆ ನಡೆಸದೆ ಕಾಂಪೆಚೆ ಮತ್ತು ಯುಕಟಾನ್ ರಾಜ್ಯಗಳಲ್ಲಿ ಆ ಸೋಯಾ ಬಿತ್ತುವಂತಿಲ್ಲ ಎಂದು ತೀರ್ಪು ನೀಡಿತು. 2017ರಲ್ಲಿ ಪರವಾನಗಿಯೇ ರದ್ದಾಯಿತು. ಲೇಯ್ಡಿ ಪೆಚ್ ಅವರಿಗೆ 2020ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಆ ಹೋರಾಟದಲ್ಲಿ ನನಗೆ ಮುಖ್ಯವೆನಿಸುವುದು ಇದು: ಗೆಲುವು ತಂದದ್ದು ಜೇನ್ನೊಣದ ಕುರಿತ ಮಾಹಿತಿಯೊಂದೇ ಅಲ್ಲ, ತಮ್ಮನ್ನು ಕೇಳದೆ ತಮ್ಮ ನೆಲದಲ್ಲಿ ತೀರ್ಮಾನ ಮಾಡುವಂತಿಲ್ಲ ಎಂಬ ಹಕ್ಕು. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯಲ್ಲಿ ‘ಮುಕ್ತ, ಮುಂಚಿತ, ತಿಳಿವಳಿಕೆಯ ಒಪ್ಪಿಗೆ’ ಎಂದು ಹೇಳಿರುವುದು ಇದನ್ನೇ. ಬೇಡ ಎನ್ನುವ ಅವಕಾಶವಿಲ್ಲದ ಒಪ್ಪಿಗೆ ಒಪ್ಪಿಗೆಯಲ್ಲ.

ತೀರ್ಮಾನ ಮರಳಿ ಬಂದ ಕಡೆ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ದೊಡ್ಡ ಉದಾಹರಣೆಯಿದೆ. ಅಲ್ಲಿ ಮೂಲನಿವಾಸಿಗಳೇ ತಮ್ಮ ನೆಲವನ್ನು ಸಂರಕ್ಷಿತವೆಂದು ಘೋಷಿಸಿ ತಾವೇ ನಿರ್ವಹಿಸುವ ವ್ಯವಸ್ಥೆ 1998ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ನಂಟವಾರಿನ ಎಂಬಲ್ಲಿ ಮೊದಲಾಯಿತು. ಇಂದು ದೇಶದ ಸಂರಕ್ಷಿತ ನೆಲದಲ್ಲಿ ಸುಮಾರು ಅರ್ಧದಷ್ಟು ಇಂಥ ಪ್ರದೇಶಗಳೇ. ಅದೇ ದೇಶದ ಆಗ್ನೇಯದಲ್ಲಿ ‘ಮರ್ನಾಂಗ್’ ಎಂಬ ಹಳದಿ ಹೂವಿನ ಗೆಡ್ಡೆಗಿಡ, 1830ರ ದಶಕದಲ್ಲಿ ಕುರಿಮಂದೆಗಳು ಬಂದ ಕೆಲವೇ ವರ್ಷಗಳಲ್ಲಿ ಬಯಲುಗಳಿಂದ ಮರೆಯಾಗಿತ್ತು. ಈಗ ಮೂಲ ಸಮುದಾಯಗಳು ಅದನ್ನು ಮತ್ತೆ ಬಿತ್ತಿ, ಅಗೆದು, ಸುಟ್ಟು ತಿನ್ನುತ್ತಿವೆ.

ಈಗ ನಿಮ್ಮ ಹುಲ್ಲುಗಾವಲಿಗೆ ಬರೋಣ. ಆ ನೆಲವನ್ನು ಹಿಂದೆ ಬಳಸುತ್ತಿದ್ದವರು ಯಾರು, ಅವರು ಈಗ ಎಲ್ಲಿದ್ದಾರೆ ಎಂಬುದನ್ನು ಮೊದಲು ತಿಳಿಯಿರಿ. ಬಹಳ ಕಡೆ ಅವರನ್ನು ಒಕ್ಕಲೆಬ್ಬಿಸಿರುತ್ತಾರೆ, ಆದರೂ ಬಹಳ ದೂರ ಹೋಗಿರುವುದಿಲ್ಲ. ಹೋಗಿ ಭೇಟಿಯಾದಾಗ ಗಿಡಗಳ ಪಟ್ಟಿ ಕೇಳಬೇಡಿ. ಪಟ್ಟಿ ಪಡೆದು ಹಿಂದಿರುಗಿದರೆ ಅವರ ಅರಿವು ನಿಮ್ಮ ಕೈಗೆ ಬಂತು, ತೀರ್ಮಾನವೂ ನಿಮ್ಮಲ್ಲೇ ಉಳಿಯಿತು. ಈ ನೆಲದಲ್ಲಿ ಏನಾಗಬೇಕೆಂದು ನಿಮಗೆ ಇಷ್ಟ, ಏನಾಗಬಾರದು ಎಂದು ಕೇಳಿ. ಯಾವ ಮಾತನ್ನು ಬರೆದಿಡಬಹುದು, ಯಾವುದನ್ನು ಬರೆಯಕೂಡದು ಎಂಬುದನ್ನೂ ಅವರೇ ಹೇಳಲಿ. ಔಷಧಿ ಗಿಡವೊಂದರ ನೆಲೆ ನಕ್ಷೆಯಲ್ಲಿ ಪ್ರಕಟವಾದ ಮರುವರ್ಷ ಆ ಗಿಡ ಬೇರುಸಹಿತ ಮಾಯವಾಗುವ ಅಪಾಯ ನಿಜವಾದದ್ದು. ಅವರು ಕೊಡುವ ಸಮಯಕ್ಕೆ, ಕಲಿಸುವ ವಿದ್ಯೆಗೆ ಯಾವ ತಜ್ಞರಿಗೂ ಕೊಡುವಂತೆ ಸಂಭಾವನೆ ಕೊಡಿ. ಅವರಿಗೆ ಆಸಕ್ತಿಯಿಲ್ಲದಿದ್ದರೆ ಅದೂ ಒಂದು ತೀರ್ಮಾನವೇ. ನೀವು ನಿಮ್ಮ ಕೆಲಸ ಮಾಡಿ, ಆದರೆ ಅದಕ್ಕೆ ‘ಮೂಲನಿವಾಸಿಗಳ ನೇತೃತ್ವ’ ಎಂಬ ಹೆಸರು ಅಂಟಿಸಬೇಡಿ.

ಗಿಡದ ವಿಷಯದಲ್ಲಿ ಎರಡು ಮೂರು ಎಚ್ಚರಿಕೆ ಸಾಕು. ‘ಚಿಟ್ಟೆಗಳಿಗಾಗಿ’ ಎಂದು ಮಾರುವ ಮಿಶ್ರ ಬೀಜದ ಪೊಟ್ಟಣ ಬೇಡ. ಸುತ್ತಲಿನ ನೆಲದಲ್ಲಿ ಉಳಿದಿರುವ ಗಿಡಗಳಿಂದಲೇ, ಒಂದು ಗಿಡದಿಂದ ಸ್ವಲ್ಪ ಸ್ವಲ್ಪವಾಗಿ, ಬೀಜ ಸಂಗ್ರಹಿಸಿ. ಅಮೆರಿಕದಲ್ಲಿ ಮೊನಾರ್ಕ್ ಚಿಟ್ಟೆಗೆಂದು ಜನ ಒಳ್ಳೆಯ ಮನಸ್ಸಿನಿಂದಲೇ ಅದರ ಕಂಬಳಿಹುಳು ತಿನ್ನುವ ಮಿಲ್ಕ್‌ವೀಡ್ ಗಿಡದ ಉಷ್ಣವಲಯದ ಒಂದು ಜಾತಿಯನ್ನು ನೆಟ್ಟರು; ಚಳಿ ಕಡಿಮೆಯಿರುವ ಕಡೆ ವರ್ಷವಿಡೀ ಹಸಿರಾಗಿಯೇ ಉಳಿದ ಆ ಗಿಡದ ಮೇಲೆ ಚಿಟ್ಟೆಯ ಪರಾವಲಂಬಿ ರೋಗಾಣು ಹೆಚ್ಚಿತು. ಸಾಕು ಜೇನಿನ ಪೆಟ್ಟಿಗೆಗಳನ್ನೂ ಅಲ್ಲಿ ಇಡಬೇಡಿ. ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಜಾತಿಯ ಜೇನ್ನೊಣಗಳಿವೆ, ಬಹುಪಾಲು ಒಂಟಿಯಾಗಿ ಬದುಕುವಂಥವು. ಪೆಟ್ಟಿಗೆಯ ಸಾವಿರಾರು ನೊಣಗಳು ಅವುಗಳ ಮೇವನ್ನು ಕಿತ್ತುಕೊಳ್ಳಬಲ್ಲವು, ರೋಗ ದಾಟಿಸಬಲ್ಲವು. ಇವುಗಳಲ್ಲಿ ಹೆಚ್ಚಿನವು ನೆಲದಲ್ಲೇ ಗೂಡು ಮಾಡುವುದರಿಂದ ಅಲ್ಲಲ್ಲಿ ಬರಿಯ ಮಣ್ಣನ್ನು ಹಾಗೆಯೇ ಬಿಡಿ, ಎಲ್ಲವನ್ನೂ ಹುಲ್ಲಿನಿಂದ ಮುಚ್ಚುವ ಆತುರ ಬೇಡ. ಬೆಂಕಿಯನ್ನು ಮಾತ್ರ ಓದಿ ತಿಳಿದು ಪ್ರಯೋಗಿಸಬೇಡಿ. ಅದು ಬಲ್ಲವರ ಕೈಯಲ್ಲಿ, ಕಾನೂನಿನ ಅನುಮತಿಯೊಡನೆ ಆಗಬೇಕಾದ ಕೆಲಸ.

ಕೊಯ್ಲಿನ ಹಕ್ಕನ್ನು ಆರಂಭದಲ್ಲೇ ಲಿಖಿತವಾಗಿ ಒಪ್ಪಿಕೊಳ್ಳುವುದು ಕೊನೆಯ ವಿಷಯವಾದರೂ ಹೆಚ್ಚಿನ ತಂಡಗಳು ಎಡವುವುದು ಅಲ್ಲೇ. ಗಿಡ ಚೆನ್ನಾಗಿ ಬಂದ ಮೇಲೆ ಅದನ್ನು ಅಗೆಯಲು ಬಂದವರನ್ನು ನೋಡಿ ಕಾವಲಿನವರು ಗಾಬರಿಯಾಗಿ ಬೇಲಿ ಹಾಕುತ್ತಾರೆ. ಯಾವ ಸೊಪ್ಪು, ಯಾವ ಗೆಡ್ಡೆ, ಯಾವ ಕಾಯಿಯನ್ನು ಯಾವ ಕುಟುಂಬಗಳು ಯಾವ ಕಾಲದಲ್ಲಿ ತೆಗೆದುಕೊಳ್ಳುತ್ತವೆ, ಬರಗಾಲದ ವರ್ಷದಲ್ಲಿ ಕೊಯ್ಲನ್ನು ನಿಲ್ಲಿಸುವ ಮಾತನ್ನು ಯಾರು ಹೇಳುತ್ತಾರೆ ಎಂಬುದೆಲ್ಲ ಆ ಒಪ್ಪಂದದಲ್ಲಿರಲಿ. ಅವಧಿಯನ್ನೂ ಯೋಚಿಸಿ ಇಡಿ: ಬೀಜದಿಂದ ಬೆಳೆದ ಕ್ಯಾಮಸ್ ಮೊದಲ ಹೂ ಬಿಡಲು ಮೂರರಿಂದ ಐದು ವರ್ಷ ಬೇಕು, ಗೆಡ್ಡೆ ಅಗೆಯುವಷ್ಟು ದೊಡ್ಡದಾಗಲು ಅದಕ್ಕಿಂತಲೂ ಹೆಚ್ಚು. ಎರಡು ವರ್ಷದ ಅನುದಾನಕ್ಕೆ ಸರಿಯಾಗಿ ಎರಡೇ ವರ್ಷದ ಒಪ್ಪಂದ ಬರೆದರೆ, ಬಿತ್ತಿದವರು ಆ ಗಿಡದ ಒಂದು ಹೂವನ್ನೂ ನೋಡುವ ಮೊದಲೇ ಅದು ಮುಗಿದಿರುತ್ತದೆ.